ಪಾಲಾದ ಮೇಲೆ

ನಮ್ಮ ಹುಲಿಕೆರೆಯ ಸೀಮೆಯಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಹೊಲವನ್ನು ಅಳೆದು ಹಂಚುತ್ತಾರೆ; ಬಾವಿಯನ್ನು ಮಾತ್ರ ಸರದಿಯ ಮೇಲೆ ಇಬ್ಬರಿಗೂ ಬಿಡುತ್ತಾರೆ. ಬೇರೆಯಾದ ಮೇಲೂ ಒಂದೇ ನೀರು ಕುಡಿಯಬೇಕೆಂಬ ಎಚ್ಚರ ಅದರಲ್ಲಿದೆ.

ನಾಡುಗಳು ಪಾಲಾಗುವಾಗ ಈ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಆಫ್ರಿಕದ ದಕ್ಷಿಣ ಸುಡಾನ್ ಸಾಕ್ಷಿ. 1955ರಿಂದ 1972ರವರೆಗೆ, ಮತ್ತೆ 1983ರಿಂದ 2005ರವರೆಗೆ ಅಂತರ್ಯುದ್ಧದಲ್ಲಿ ಬೆಂದ ಆ ಜನ 2011ರ ಜನವರಿಯಲ್ಲಿ ಮತ ನೀಡಿದರು. ನೂರಕ್ಕೆ 98.83 ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದವು. ಆದರೆ ದಕ್ಷಿಣದ ಎಣ್ಣೆ ಕಡಲು ಸೇರಲು ಉತ್ತರದ ಕೊಳವೆಯೇ ಬೇಕಿತ್ತು. ಅದರ ಶುಲ್ಕದ ಜಗಳದಿಂದ 2012ರಲ್ಲಿ ಎಣ್ಣೆ ತೆಗೆಯುವುದೇ ನಿಂತಿತು. 2013ರ ಡಿಸೆಂಬರಿನಲ್ಲಿ ದಕ್ಷಿಣದವರೇ ತಮ್ಮತಮ್ಮೊಳಗೆ ಕಾದಾಡತೊಡಗಿದರು.

ಆದುದರಿಂದ ಜನರ ಇಚ್ಛೆಯನ್ನು ಕೇಳಲೇಬಾರದೆಂದು ನಾವು ಹೇಳುವುದಿಲ್ಲ. ಕೇಳದೆ ಸಾರಿದುದರ ಫಲವನ್ನು ನಮ್ಮ ನೆರೆಯ ಕೊಡಗು ಉಂಡಿದೆ. ಅಲ್ಲಿ ಆಳಿದ ಹಾಲೇರಿ ಅರಸರು ಲಿಂಗವಂತರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಇಂಗ್ಲಿಷರು, ತಮ್ಮ ಆಳ್ವಿಕೆಯೇ ಸಮಸ್ತ ಪ್ರಜೆಗಳ ಇಚ್ಛೆಯೆಂದು ಘೋಷಿಸಿದರು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರ ಸುಳ್ಯದ ದಂಗೆ ಎದ್ದಿತು.

ಅದೇ ಕೊಡಗು 1952ರಲ್ಲಿ ನಿಜವಾಗಿ ಮತ ನೀಡಿತು. ಪ್ರಶ್ನೆ ದೇಶವನ್ನು ಬಿಡುವುದಲ್ಲ. ಭಾರತದೊಳಗೆ ಪ್ರತ್ಯೇಕ ರಾಜ್ಯವಾಗಿ ಉಳಿಯಬೇಕೇ, ಮೈಸೂರನ್ನು ಸೇರಬೇಕೇ ಎಂಬುದು. ಸೇರಬೇಕೆಂದ ಕಾಂಗ್ರೆಸ್ಸಿಗೆ 24 ಸ್ಥಾನಗಳಲ್ಲಿ 15 ದೊರೆತವು. ಉಳಿಯಬೇಕೆಂದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷಕ್ಕೆ 9. ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ರಕ್ತ ಹರಿಯಲಿಲ್ಲ; ಅದು ಎರಡೂ ಪಕ್ಷದವರ ದೊಡ್ಡತನ. ಆದರೆ ದೊಡ್ಡದರಲ್ಲಿ ಚಿಕ್ಕದು ಕರಗಿಹೋದೀತೆಂಬ ಆ ಒಂಬತ್ತು ಸ್ಥಾನಗಳ ಹಿಂದಿನ ಅಳಲು ಅಳಿಯಲಿಲ್ಲ. 1990ರ ದಶಕದಲ್ಲಿ ಅದು ಪ್ರತ್ಯೇಕ ರಾಜ್ಯದ ಕೂಗಾಗಿ ಮತ್ತೆ ಕೇಳಿಬಂದಿತು.

ಮತಪೆಟ್ಟಿಗೆಯಿಂದ ಹೆಚ್ಚಿನವರು ಯಾರೆಂಬುದು ತಿಳಿಯುತ್ತದೆ. ಕಡಿಮೆಯಾದವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಗೆದ್ದವರು ತಮ್ಮ ಅಂತಃಕರಣವನ್ನೇ ಕೇಳಿ ತಿಳಿಯಬೇಕು. ಅನುಭವ ಮಂಟಪದಲ್ಲಿ ಬೇರೆ ಮಾತನಾಡುವವನಿಗೂ ಆಸನವಿತ್ತೆಂದು ಹೆಮ್ಮೆಪಡುವ ನಾವು, ನಮ್ಮ ಮನೆಗಳಲ್ಲಿ ಸೋತ ಮಾತಿಗೆ ಆಸನ ಕೊಡುತ್ತಿದ್ದೇವೆಯೇ? ಪಾಲುಪತ್ರಕ್ಕೆ ರುಜು ಬಿದ್ದ ಮರುದಿನ ಬಾವಿಯ ಮೊದಲ ಸರದಿಯನ್ನು ತಮ್ಮನಿಗೆ ಬಿಡುವ ಅಣ್ಣನಿದ್ದರೆ, ಮನೆ ಎರಡಾದರೂ ಕುಲ ಒಡೆಯದು.