ದಿನ ತುಂಬದ ಕೂಸು, ಮನೆಮಂದಿಯ ಋಣ
37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ; ಮನೆಮಾತಿನಲ್ಲಿ ಅದು ದಿನ ತುಂಬದ ಕೂಸು. ಚರ್ಮದಡಿ ಕೊಬ್ಬು ಕಡಿಮೆಯಿದ್ದು ಮೈ ಬೇಗ ತಣ್ಣಗಾಗುತ್ತದೆ. ತೀರ ಮುಂಚೆ ಬಂದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಒಂದಕ್ಕೊಂದು ಹೊಂದುವುದಿಲ್ಲ. ಹಾಗಾಗಿ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ತಾಯಿಯ ಹಾಲನ್ನು ಮೊದಲು ಸಣ್ಣ ಕೊಳವೆಯಿಂದ, ಆಮೇಲೆ ಒಳಲೆಯಿಂದ ಕುಡಿಸುತ್ತಾರೆ. ನಡುರಾತ್ರಿ ನರ್ಸ್ ಒಳಲೆಯ ಮೂತಿಯನ್ನು ತುಟಿಯಂಚಿಗೆ ಹಿಡಿದು, ಒಂದು ಗುಟುಕು ಇಳಿದ ಮೇಲೆಯೇ ಮುಂದಿನದನ್ನು ಬಿಡುವ ಆ ತಾಳ್ಮೆಯನ್ನು ಗಾಜಿನಾಚೆ ನಿಂತ ಅಜ್ಜಿ ಬದುಕಿಡೀ ಮರೆಯುವುದಿಲ್ಲ. ಕೂಸು ಸ್ವಲ್ಪ ಚೇತರಿಸಿಕೊಂಡರೆ ಕಾಂಗರೂ ಆರೈಕೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಿದ್ದಾಗ ವೈದ್ಯ ಎಡ್ಗರ್ ರೇ ಆರಂಭಿಸಿದ ಈ ಪದ್ಧತಿಯಲ್ಲಿ ಕೂಸು ತಾಯಿಯ ಬರಿ ಎದೆಗೆ ಅಂಟಿಕೊಂಡು ಬೆಚ್ಚಗಿರುತ್ತದೆ. ಅಪ್ಪನೂ ಅಜ್ಜಿಯೂ ಹಾಗೆಯೇ ಎದೆಗವಚಿಕೊಳ್ಳಬಹುದು. ಕೈಕಟ್ಟಿ ನಿಂತಿದ್ದವರ ಕೈಗೂ ಕೆಲಸ ಸಿಗುತ್ತದೆ, ಮನೆಮಂದಿಯ ಕೃತಜ್ಞತೆ ಬೇರು ಬಿಡುವುದು ಬಹುಮಟ್ಟಿಗೆ ಇಲ್ಲೇ. ಮನೆಗೆ ಹೋದ ಮೇಲೂ ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ, ಅಕ್ಷಿಪಟಲದ ರಕ್ತನಾಳಗಳು ಇನ್ನೂ ಬೆಳೆಯುತ್ತಿರುತ್ತವೆ. ಹಾಗೆ ಮರಳಿ ಬಂದಾಗ ಪೇಡೆ ಡಬ್ಬ ಹಿಡಿದ ಕುಟುಂಬ ಮೊದಲು ಹುಡುಕುವುದು ರಾತ್ರಿ ಪಾಳಿಯ ಆ ಸಿಸ್ಟರನ್ನು.