ಅರ್ಧವಾಕ್ಯದ ಧರ್ಮ

“ವಿವಾಹವೆಂಬ ಹೆಸರು ಬೇಡ, ಬೇಕಾದರೆ ನಾಗರಿಕ ಸಹಭಾಗಿತ್ವವೆಂದು ಮಾನ್ಯತೆ ಕೊಡಲಿ.” ಸಲಿಂಗಿಗಳ ಪ್ರಶ್ನೆ ಬಂದಾಗ ನಮ್ಮ ಸಮಾಜದ ಅನೇಕ ಹಿರಿಯರು ಆಡುವ ಮಾತಿದು. ಇದರ ಪೂರ್ವಾರ್ಧವನ್ನು ನಾವು ಉಚ್ಚಸ್ವರದಲ್ಲಿ ನುಡಿಯುತ್ತೇವೆ, ಉತ್ತರಾರ್ಧವನ್ನು ನುಂಗಿಬಿಡುತ್ತೇವೆ.

2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು, ವಿವಾಹವು ಮೂಲಭೂತ ಹಕ್ಕಲ್ಲವೆಂದು ಒಮ್ಮತದಿಂದ ಹೇಳಿದರು. ನಾಗರಿಕ ಸಹಭಾಗಿತ್ವದ ಹಕ್ಕನ್ನು ಇಬ್ಬರು ಒಪ್ಪಿದರು, ಮೂವರು ನಿರಾಕರಿಸಿದರು. ಪುನರ್ವಿಮರ್ಶೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಮೊದಲನೆಯದಕ್ಕೆ ಸಂತೋಷಪಟ್ಟ ನಾವು ಎರಡನೆಯದಕ್ಕೆ ವಿಷಾದಿಸಿದೆವೆ?

ವಿವಾಹವು ಸಂಸ್ಕಾರ, ಆದ್ದರಿಂದ ಆ ಹೆಸರು ಧರ್ಮದ್ದು ಎನ್ನುವವರು 1954ರ ವಿಶೇಷ ವಿವಾಹ ಅಧಿನಿಯಮವನ್ನು ಸ್ಮರಿಸಲಿ. ಅಲ್ಲಿ ಅಗ್ನಿಸಾಕ್ಷಿಯೂ ಮಂತ್ರವೂ ಅವಶ್ಯವಿಲ್ಲ. ಆದರೂ ಅದು ವಿವಾಹವೇ. ಇರಲಿ, ಹೆಸರಿಗಾಗಿ ನಾನು ಕಲಹಕ್ಕೆ ನಿಲ್ಲುವುದಿಲ್ಲ. ಬಸದಿಯಲ್ಲಿ ಯಾವ ವಿಧಿ ನಡೆಯಬೇಕೆಂಬುದು ಸಂಘದ ನಿರ್ಣಯ. ಆದರೆ ಹೆಸರಿಲ್ಲದೆಯೂ ಹಕ್ಕು ಕೊಡಬಹುದೆಂಬುದನ್ನು ಡೆನ್ಮಾರ್ಕ್ ದೇಶವು 1989ರಲ್ಲಿಯೇ ನೋಂದಾಯಿತ ಸಹಭಾಗಿತ್ವದ ಮೂಲಕ ತೋರಿಸಿತು.

ಶಾಸ್ತ್ರವು ಅನಂಗಕ್ರೀಡೆಯನ್ನು ಅತಿಚಾರವೆಂದಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಎಂದಿದೆ. ತತ್ತ್ವಾರ್ಥಸೂತ್ರದ ಅದೇ ಪಟ್ಟಿಯಲ್ಲಿ ಪರವಿವಾಹಕರಣವೂ, ಅಂದರೆ ಅನ್ಯರ ಮದುವೆ ಮಾಡಿಸುವುದೂ ಸೇರಿದೆ. ಆದರೂ ವಧೂವರರ ಸಮಾವೇಶಗಳನ್ನು ನಾವು ಪುಣ್ಯಕಾರ್ಯವೆಂದೇ ನಡೆಸುತ್ತೇವೆ. ಅಣುವ್ರತವು ಶ್ರಾವಕನು ತನ್ನನ್ನು ತಿದ್ದಿಕೊಳ್ಳಲು ಸ್ವೀಕರಿಸುವಂಥದು; ಪರರನ್ನು ದಂಡಿಸುವ ಆಯುಧವಲ್ಲ.

ಇದು ಪಶ್ಚಿಮದಿಂದ ಬಂದ ವ್ಯಾಧಿ ಎಂಬ ಮಾತೂ ನಿಲ್ಲುವುದಿಲ್ಲ. ದೇಹದ ಚಿಹ್ನೆಗೆ ನಾಮಕರ್ಮ ಕಾರಣ, ಅಂತರಂಗದ ಅಭಿಲಾಷೆಗೆ ಮೋಹನೀಯ ಕರ್ಮ ಕಾರಣ. ದ್ರವ್ಯವೇದ ಭಾವವೇದಗಳೆರಡೂ ಪ್ರಾಯಶಃ ಸಮವಾಗಿದ್ದರೂ ಕೆಲವೆಡೆ ವಿಷಮವಾಗಿರುತ್ತವೆ ಎಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಸುಮಾರು ಸಾವಿರ ವರ್ಷಗಳ ಹಿಂದೆಯೇ ಗೊಮ್ಮಟಸಾರದಲ್ಲಿ ವಿವರಿಸಿದ್ದಾರೆ.

ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲಿ ದೂರದ ದಾಯಾದಿಗೂ ಸ್ಥಾನವಿದೆ. ಮೂವತ್ತು ವರ್ಷ ಜೊತೆಗಿದ್ದು ರೋಗಶಯ್ಯೆಯಲ್ಲಿ ಸೇವೆ ಮಾಡಿದ ಸಂಗಾತಿಗೆ, ಉಯಿಲಿಲ್ಲದಿದ್ದರೆ, ಏನೂ ಇಲ್ಲ. ಅಂಥವರು ನಮ್ಮ ಮನೆಗಳಲ್ಲಿ ಹುಟ್ಟುವುದಿಲ್ಲವೆಂದು ಯಾರು ಹೇಳಬಲ್ಲರು?

2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಅಪರಾಧವೆಂದಾಗ, ಅಲ್ಪಸಂಖ್ಯಾತರ ಬದುಕನ್ನು ಬಹುಜನರ ರೂಢಿಯಿಂದ ಅಳೆಯಬೇಡಿರೆಂದು ನಾವು ಬೀದಿಗಿಳಿದು ಕೂಗಿದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಅಂದು ನಾವು ಬೇಡಿದ ನ್ಯಾಯವನ್ನು ಇಂದು ಪರರಿಗೆ ನಿರಾಕರಿಸುವುದು ಯಾವ ಅಹಿಂಸೆ?

ಸಹಭಾಗಿತ್ವ ಸಾಕೆನ್ನುವ ಟ್ರಸ್ಟುಗಳು ಆ ಮಾತನ್ನೇ ಗೊತ್ತುವಳಿಯಾಗಿ ಅಂಗೀಕರಿಸಿ ಸರಕಾರಕ್ಕೆ ಕಳುಹಿಸಲಿ. ಅದಾಗದಿದ್ದರೆ, ಕೊಡಲು ಮನಸ್ಸಿಲ್ಲವೆಂದು ನೇರವಾಗಿ ಹೇಳಲಿ. ಅನೇಕಾಂತದ ಹೆಸರಿನಲ್ಲಿ ಮೌನವನ್ನು ಮರೆಮಾಚುವುದು ಬೇಡ. ಸತ್ಯವೂ ಒಂದು ಅಣುವ್ರತವೇ.