ಗೋಡೆಯೊಳಗಿನ ಬರಿಯ ಕೊಳವೆ

ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿಗಳ ತಂತಿಮಾರ್ಗವನ್ನು ಹಾದು ಕೋಲಾರದ ಚಿನ್ನದ ಗಣಿಗಳನ್ನು ತಲಪಿದ್ದು 1902ರಲ್ಲಿ. ತಂತಿಯ ದಾರಿಯನ್ನು ಮುಂಚಿತವಾಗಿ ಯೋಚಿಸಿ ಗೊತ್ತುಪಡಿಸುವುದು ನಮ್ಮ ಜಿಲ್ಲೆಗೆ ಹೊಸ ವಿದ್ಯೆಯೇನಲ್ಲ. ಆದರೂ ಯಲ್ದೂರಿನ ಸುತ್ತಮುತ್ತ ಇಂದು ಏಳುತ್ತಿರುವ ಮನೆಗಳಲ್ಲಿ ದೀಪ, ಫ್ಯಾನು, ಮೋಟಾರುಗಳ ತಂತಿಗೆ ಮಾತ್ರ ಎಡೆಯುಂಟು. ಟೆಲಿವಿಷನ್, ಧ್ವನಿವರ್ಧಕ, ಅಂತರಜಾಲಗಳ ತಂತಿಗೆ ಇಲ್ಲ. ಗೃಹಪ್ರವೇಶವಾಗಿ ತಿಂಗಳು ತುಂಬುವುದರೊಳಗೆ ಬಣ್ಣ ಬಳಿದ ಗೋಡೆಗೆ ಮೊಳೆ ಬೀಳುತ್ತದೆ. ಸಾಲ ಮಾಡಿ ಕಟ್ಟಿದ ಮನೆಗೆ ಇದು ತಕ್ಕುದಲ್ಲ.

‘ವೈ-ಫೈ ಇರುವಾಗ ತಂತಿಯೇಕೆ?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ವೈ-ಫೈ ಎಂದರೆ ರೇಡಿಯೋ ಅಲೆ. ಅದರ ಉದ್ದ ಸುಮಾರು 12 ಅಥವಾ 6 ಸೆಂಟಿಮೀಟರು. ಕಬ್ಬಿಣ ಹುದುಗಿದ ಕಾಂಕ್ರೀಟೂ ನಮ್ಮ ಕಡೆಯ ದಪ್ಪ ಸೈಜುಕಲ್ಲಿನ ಗೋಡೆಯೂ ಅದನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತವೆ, ಇಲ್ಲವೆ ಹಿಂದಕ್ಕೆ ತಳ್ಳುತ್ತವೆ; ಅಲೆ ಕಿರಿದಾದಷ್ಟೂ ನಷ್ಟ ಹೆಚ್ಚು. ಮೊಬೈಲಿನ ಅಲೆಗಳಿಗೂ ಇದೇ ಅಡಚಣೆ. 2020-21ರಲ್ಲಿ ಕಾಲೇಜುಗಳು ಮುಚ್ಚಿದ್ದಾಗ, ಒಳಕೋಣೆಯಲ್ಲಿ ಪಾಠ ತುಂಡುತುಂಡಾಗುತ್ತಿದ್ದುದರಿಂದ ಬಿಸಿಲಿಗೆ ಮೈಯೊಡ್ಡಿ ಜಗಲಿಯಲ್ಲಿ ಕುಳಿತು ಕೇಳಿದ ವಿದ್ಯಾರ್ಥಿನಿಯರನ್ನು ನಾನು ಬಲ್ಲೆ. ಟೆಲಿವಿಷನ್ನಿಗಾಗಿ ನಡುಮನೆಯಲ್ಲಿ ಅಲಂಕಾರದ ಗೂಡು ಕಟ್ಟಿಸುವ ಹಿರಿಯರು ಮಗಳು ಓದುವ ಮೂಲೆಗೆ ಒಂದು ತಂತಿಯ ದಾರಿಯನ್ನು ಬಿಡಬಾರದೆ?

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು: ಖರ್ಚುಳಿಸಲೆಂದು ಎರಡು ಬಗೆಯ ತಂತಿಗಳನ್ನೂ ಒಂದೇ ಕೊಳವೆಯಲ್ಲಿ ತೂರಿಸುವುದು. ದೀಪದ ತಂತಿಯಲ್ಲಿರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು. ಅದರ ಬದಲಾಗುವ ಕಾಂತಕ್ಷೇತ್ರವು ನೆರೆಯ ತಂತಿಯಲ್ಲಿ ಪ್ರವಾಹವನ್ನು ಪ್ರೇರಿಸುತ್ತದೆ. ಧ್ವನಿವರ್ಧಕದಲ್ಲಿ ಅದು ಗುಂಯ್‌ಗುಡುವಿಕೆಯಾಗಿ ಕೇಳಬಹುದು. ಎರಡೆಳೆಗಳನ್ನು ಹುರಿಗೊಳಿಸಿದರೆ ಒಂದು ಸುತ್ತಿನ ಪ್ರೇರಣೆಯನ್ನು ಮುಂದಿನ ಸುತ್ತಿನದು ಅಳಿಸಿಹಾಕುತ್ತದೆ. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟು ಪಡೆದ ಈ ಉಪಾಯವೇ ಇಂದಿನ ಅಂತರಜಾಲದ ಕೇಬಲ್ಲಿನಲ್ಲೂ ಇದೆ. ಸದ್ದಿನ ಮಾತು ಹಾಗಿರಲಿ. ಹೊದಿಕೆ ಸವೆದು 230 ವೋಲ್ಟು ಪಕ್ಕದ ತಂತಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕೊಳವೆ ಬೇರೆಯೇ ಇರಬೇಕು. ಜೊತೆಯಾಗಿ ಸಾಗುವಲ್ಲಿ ಒಂದಡಿ ಅಂತರವಿರಲಿ, ದಾಟುವಲ್ಲಿ ಲಂಬವಾಗಿ ದಾಟಲಿ.

ಧ್ವನಿವರ್ಧಕದ ತಂತಿಯ ದಪ್ಪಕ್ಕೆ ಓಮನ ನಿಯಮವೇ ಸಾಕು. 15 ಮೀಟರು ದೂರಕ್ಕೆ ಹೋಗಿಬರುವ ತಾಮ್ರ 30 ಮೀಟರು, ಅಡ್ಡಕೊಯ್ತ 0.5 ಚದರ ಮಿಲಿಮೀಟರಾದರೆ ರೋಧ ಸುಮಾರು 1 ಓಮ್. 8 ಓಮಿನ ಧ್ವನಿವರ್ಧಕವನ್ನು ಸೇರಿಸಿದರೆ ಶಕ್ತಿಯ ಒಂಬತ್ತನೆಯ ಒಂದು ಪಾಲು ತಂತಿಯನ್ನು ಕಾಯಿಸುವುದಕ್ಕೇ ವ್ಯಯ. 1.5 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ಇಪ್ಪತ್ತೈದನೆಯ ಒಂದು ಪಾಲಿಗೆ ಇಳಿಯುತ್ತದೆ. (ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯೂ ಅಂಗಡಿಗಳಲ್ಲಿ ಸಿಕ್ಕುತ್ತದೆ, ತುದಿಯನ್ನು ಕೆರೆದು ನೋಡಿ ಕೊಳ್ಳಿರಿ.)

ಆದರೆ ಗೋಡೆಯಲ್ಲಿ ಹೂಳಬೇಕಾದುದು ತಂತಿಯನ್ನಲ್ಲ, ಕೊಳವೆಯನ್ನು ಎಂಬುದೇ ನನ್ನ ವಾದ. ಆಂಟೆನಾದ ಚಪ್ಪಟೆ ತಂತಿ ಹೋಗಿ ಡಿಶ್ಶಿನ ಕೇಬಲ್ಲು ಬಂದಿತು; ಈಗ ಗಾಜಿನೆಳೆ ಬಾಗಿಲಿಗೆ ಬರುತ್ತಿದೆ. ಮುಂದೇನೆಂದು ಹೇಳುವವರಾರು? ಕೊಳವೆ ಬರಿದಾಗಿದ್ದರೆ ಹಳೆಯದನ್ನು ಸೆಳೆದು ಹೊಸದನ್ನು ತೂರಿಸಬಹುದು. 25 ಮಿಲಿಮೀಟರಿನ ಪಿ.ವಿ.ಸಿ. ಕೊಳವೆಯೊಳಗೆ ಒಂದು ನೈಲಾನ್ ದಾರವನ್ನು ಇಳಿಬಿಟ್ಟಿರಬೇಕು. ತಿರುವುಗಳು ನಿಧಾನವಾಗಿರಬೇಕು, ಏಕೆಂದರೆ ಗಾಜಿನೆಳೆಯನ್ನು ಬಿಗಿಯಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ.

ನಿಮ್ಮ ಮನೆ ಕಟ್ಟುತ್ತಿದ್ದರೆ ಮೇಸ್ತ್ರಿಗೆ ಇದನ್ನು ಹೇಳಬೇಕಾದುದು ಮೋಲ್ಡಿಗೆ ಮುಂಚೆ. ತಪ್ಪಿದರೆ ಗಾರೆಗೆ ಮುಂಚೆಯಾದರೂ. ಗಾರೆ ಬಳಿಯುವ ಹಿಂದಿನ ದಿನ ಪ್ರತಿಯೊಂದು ಗೋಡೆಯ ಪಕ್ಕದಲ್ಲೂ ಅಳತೆಯ ಟೇಪನ್ನು ಹಿಡಿದು ಒಂದೊಂದು ಛಾಯಾಚಿತ್ರ ತೆಗೆದಿಟ್ಟುಕೊಳ್ಳಿರಿ.